ಜೀಪಿನ ಸಂದಿ ತುಂಬುತ್ತಿದ್ದ ಕಾಕು

ಮೊನ್ನೆ ನಮ್ಮ ಮನೆಯ ಕಬ್ಬಿಣದ ಗೇಟಿಗೆ ಬಣ್ಣ ಹಚ್ಚಲು ಬಂದ ಪೇಂಟರ್ ಕಟ್ಟೆಯ ಮೇಲೆ ತನ್ನ ಸಾಮಾನುಗಳನ್ನು ಹರವಿಕೊಂಡು ಕುಳಿತ. ಬ್ರಶ್ಶು, ಪಾಲಿಶ್ ಪೇಪರು, ಹರಿದ ಬನಿಯನ್ನಿನ ತುಂಡು, ಆಮೇಲೆ ಒಂದು ಜಜ್ಜಿದ ಡಬ್ಬಿ. ಅದರ ಮುಚ್ಚಳ ಎಬ್ಬಿಸಿದನೋ ಇಲ್ಲವೋ, ಅಡುಗೆಮನೆಯಲ್ಲಿದ್ದ ನನ್ನ ಮೂಗಿಗೆ ಅಗಸಿ ಎಣ್ಣೆಯ ವಾಸನೆ ಬಂದು ಬಡಿಯಿತು. ಚಟ್ನಿಪುಡಿಗೆ ಹುರಿದ ಅಗಸಿಯ ಘಮವಲ್ಲ ಅದು. ಇದು ಹಸಿ, ಸ್ವಲ್ಪ ಕಮಟು. ಮೊದಲ ಸಲ ಮೂಸಿದವರು ಮುಖ ಸಿಂಡರಿಸುತ್ತಾರೆ. ನಾನೂ ಒಂದು ಕಾಲಕ್ಕೆ ಸಿಂಡರಿಸಿದವಳೇ. ಈಗ ಮಾತ್ರ ಒಲೆಯ ಮೇಲಿನ ಚಹಾ ಮರೆತು ಬಾಗಿಲಿಗೆ ಬಂದು ನಿಂತುಬಿಟ್ಟೆ... ಅದು ಉಕ್ಕಿ ಚೆಲ್ಲಿದ್ದು ಆಮೇಲೆ ಗೊತ್ತಾಯಿತು.

ನಿಪ್ಪಾಣಿಯಲ್ಲಿ ನನಗೆ ಬಾಡಿಗೆಗೆ ಮನೆ ಕೊಟ್ಟಿದ್ದ ಕಾಕು ನೆನಪಾಗಿದ್ದರು. ಕಾಕು ಎಂದರೆ ಚಿಕ್ಕಮ್ಮ. ನಮ್ಮ ಗಡಿಭಾಗದಲ್ಲಿ ಅದಕ್ಕೆ ರಕ್ತಸಂಬಂಧ ಬೇಕೆಂದೇನಿಲ್ಲ, ಓಣಿಯಲ್ಲಿ ನಡುವಯಸ್ಸು ದಾಟಿದ ಹೆಂಗಸರೆಲ್ಲ ಯಾರಿಗಾದರೂ ಕಾಕುಗಳೇ. ಆದರೆ ಇಷ್ಟು ವರ್ಷಗಳಲ್ಲಿ ನಾನು ಬೇರೆ ಯಾರನ್ನೂ ಹಾಗೆ ಕರೆದಿಲ್ಲ. ಕರೆಯಲು ಬಾಯಿ ಬರಲಿಲ್ಲ.

ಆಗ ನನ್ನನ್ನು ನಿಪ್ಪಾಣಿಯ ಒಂದು ಶಾಲೆಗೆ ಹೊಸದಾಗಿ ಹಾಕಿದ್ದರು. ಗಂಡನ ಮನೆ ಉಗಾರ ಬುದ್ರುಕದಲ್ಲಿ. ಕಬ್ಬು ಬಿಟ್ಟು ನಮ್ಮವರು ಬರುವಂತಿರಲಿಲ್ಲ, ದಿನಾ ಓಡಾಡುವಷ್ಟು ಹತ್ತಿರವೂ ಅಲ್ಲ. ಹಾಗಾಗಿ ವಾರವೆಲ್ಲ ನಿಪ್ಪಾಣಿ, ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಉಗಾರ, ಸೋಮವಾರ ನಸುಕಿನಲ್ಲಿ ಮತ್ತೆ ನಿಪ್ಪಾಣಿ. ಮೊದಲೇ ಸಿಡುಕಿನ ಹೆಂಗಸು ನಾನು, ಈ ಓಡಾಟದಲ್ಲಿ ಇನ್ನಷ್ಟು ಸಿಡುಕಿಯಾಗಿದ್ದೆ. ಶಾಲೆಯ ಮಕ್ಕಳು ನನ್ನ ಚಪ್ಪಲಿಯ ಸಪ್ಪಳ ಕೇಳಿಯೇ ಸುಮ್ಮನಾಗುತ್ತಿದ್ದವು.

ಕಾಕುವಿನದು ಹಂಚಿನ ಮನೆ, ಅದರದೇ ಒಂದು ಭಾಗ ನನಗೆ, ಮುಂದೆ ಅಂಗಳ. ಅಂಗಳದ ಒಂದು ಮಗ್ಗುಲಿಗೆ ತಗಡಿನ ಚಪ್ಪರ, ಚಪ್ಪರದ ಕೆಳಗೆ ಒಂದು ಹಸಿರು ಜೀಪು. ಗಾಲಿ ನೆಲಕ್ಕೆ ತಾಗದಂತೆ ಇಟ್ಟಂಗಿಗಳ ಮೇಲೆ ಏರಿಸಿಟ್ಟಿದ್ದರು. ಓಡದ ಗಾಡಿಯೆಂದರೆ ಧೂಳು, ಕೋಳಿಹಿಕ್ಕೆ, ಜೇಡರ ಬಲೆ ಇರಬೇಕಲ್ಲ, ಇದಕ್ಕೆ ಅದಾವುದೂ ಇರಲಿಲ್ಲ. ಮಧ್ಯಾಹ್ನ ಕಾಕು ಅದರ ಪಾವಟಿಗೆಯ ಮೇಲೆ ಕುಳಿತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಿಪ್ಪಾಣಿ ತಂಬಾಕಿನ ಊರು. ಓಣಿಯ ಅರ್ಧ ಹೆಂಗಸರ ತೊಡೆಯ ಮೇಲೆ ಅಂಥದೊಂದು ಮೊರ ಇರುತ್ತಿತ್ತು.

ನಾನು ಒಂದು ಸ್ಕೂಟರ್ ತೆಗೆದುಕೊಂಡಿದ್ದೆ. ಹೊಸ ಗಾಡಿ ಬಿಸಿಲಿಗೆ ನಿಲ್ಲುವುದು ನೋಡಿ ಹೊಟ್ಟೆ ಉರಿಯಿತು. ಒಂದು ದಿನ ಕೇಳಿಯೇಬಿಟ್ಟೆ.

"ಕಾಕು, ಆ ಜೀಪ್ ಹೆಂಗೂ ಓಡೂದಿಲ್ಲ. ಸ್ವಲ್ಪ ಹಿಂದಕ ಸರಸಿದ್ರ ನನ್ನ ಗಾಡಿನೂ ಚಪ್ಪರದಾಗ ನಿಲ್ಲತೈತ್ರಿ."

ಕಾಕು ಕಟ್ಟುತ್ತಿದ್ದ ಬೀಡಿಯಿಂದ ಕಣ್ಣು ತೆಗೆಯಲಿಲ್ಲ. "ಓಡೂದಿಲ್ಲ ಅಂತ ಯಾರ ಹೇಳಿದ್ರ ಅಕ್ಕೋರ? ಓಡಸಾವ್ರು ಊರಾಗ ಇಲ್ಲ, ಅಷ್ಟ."

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ಕಾಕು ನನ್ನನ್ನು ಕೊನೆಯತನಕ ಅಕ್ಕೋರ ಎಂದೇ ಕರೆದರು, ತಮಗಿಂತ ಎಷ್ಟೋ ಚಿಕ್ಕವಳಾದರೂ ಬಹುವಚನ ಬಿಡಲಿಲ್ಲ.

ಓಡಿಸುವವರು ಯಾರು ಎಂಬುದು ನನಗೆ ಓಣಿಯವರಿಂದ ತಿಳಿಯಿತು. ಕಾಕುವಿನ ಗಂಡ, ನಾನು ಎಂದೂ ನೋಡದ ಕಾಕಾ, ನಿಪ್ಪಾಣಿ ಚಿಕ್ಕೋಡಿ ನಡುವೆ ವಡಾಪ ಹೊಡೆಯುತ್ತಿದ್ದರು. ವಡಾಪ ಎಂದರೆ ಬಸ್ಸು ಬರುವ ಮೊದಲೇ ಜನರನ್ನು ಕೂಗಿ ಕರೆದು ತುಂಬಿಕೊಂಡು ಹೋಗುವ ಜೀಪು. ಒಳಗೆ ಕುಳಿತವರಷ್ಟೇ ಜನ ಹಿಂದೆ ಜೋತುಬಿದ್ದಿರುತ್ತಿದ್ದರು. ಬಸ್ಸುಗಳು ಹೆಚ್ಚಾದ ಮೇಲೆ ವಡಾಪ ತಣ್ಣಗಾಯಿತು. ಕಾಕಾ ಹಂಗಾಮಿನ ಮಟ್ಟಿಗೆ ಎಂದು ಅಥಣಿ ಕಡೆಯ ದ್ರಾಕ್ಷಿ ಉತ್ತರಕ್ಕೆ ಒಯ್ಯುವ ಲಾರಿಗೆ ಡ್ರೈವರಾಗಿ ಹೋದರು. ಲಾರಿ ತಿರುಗಿ ಬಂತು, ಜೊತೆಗಿದ್ದ ಇನ್ನೊಬ್ಬ ಡ್ರೈವರೂ ಬಂದ. ದಾರಿಯಲ್ಲಿ ಯಾವುದೋ ಧಾಬಾದ ಹತ್ತಿರ ಇಳಿದು ಹೋದ ಕಾಕಾ ಮತ್ತೆ ಲಾರಿ ಹತ್ತಲಿಲ್ಲವೆಂದು ಅವನು ಹೇಳಿದ. ಹುಡುಕಿದರು, ಪೋಲೀಸರಿಗೆ ಹೇಳಿದರು, ಆ ಧಾಬಾಕ್ಕೂ ಹೋಗಿ ಬಂದರು. ಹೆಣವೂ ಸಿಗಲಿಲ್ಲ, ಮನುಷ್ಯನೂ ಸಿಗಲಿಲ್ಲ... ನಾನು ಆ ಮನೆಗೆ ಹೋಗುವಷ್ಟರಲ್ಲಿ ಅದೆಲ್ಲ ನಡೆದು ಕೆಲವು ವರ್ಷಗಳೇ ಆಗಿದ್ದವು.

ಇದನ್ನು ಕೇಳಿದ ಮೇಲೆ ಸ್ಕೂಟರಿನ ಮಾತು ಎತ್ತುವ ಧೈರ್ಯ ನನಗಾಗಲಿಲ್ಲ. ಕಾಕು ತಾವಾಗಿಯೇ ಒಂದು ಹಳೆಯ ಚಾದರ ತಂದು ಸ್ಕೂಟರಿಗೆ ಹೊದಿಸಿದರು.

ಆ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಶಾಲೆ ಶುರುವಾಗುವ ದಿನಗಳಲ್ಲಿ, ಕಾಕು ನನ್ನ ಹತ್ತಿರ ಒಂದು ವಿಚಿತ್ರ ಸಾಮಾನು ಕೇಳಿದರು.

"ಅಕ್ಕೋರ, ಸಾಲ್ಯಾಗ ಬರದ ಬರದ ಸಣ್ಣಾದ ಖಡು ಇರತಾವಲಾ, ಕೈಯಾಗ ಹಿಡಿಯಾಕ ಬರಲಾರದ್ದು, ಅವನ್ನ ಒಗೀಬ್ಯಾಡ್ರಿ. ನನಗ ಬೇಕ್ರಿ."

ಖಡು ಎಂದರೆ ಸೀಮೆಸುಣ್ಣ. ಯಾವ ಮಗುವಿಗೆ ಪಾಠ ಹೇಳುತ್ತಾರೋ ಎಂದುಕೊಂಡು ಒಂದು ಪೊಟ್ಟಣ ತಂದುಕೊಟ್ಟೆ. ಮರುದಿನ ನೋಡಿದರೆ ಅದನ್ನು ಒರಳಿನಲ್ಲಿ ಕುಟ್ಟಿ, ಜರಡಿ ಹಿಡಿದು, ಪೂಜೆ ಸಾಮಾನಿನ ಅಂಗಡಿಯಿಂದ ತಂದ ಶೇಂದೂರಕ್ಕೆ ಬೆರೆಸುತ್ತಿದ್ದರು. ಮಾರುತಿಗೆ ಹಚ್ಚುವ ಅದೇ ಕೇಸರಿ ಶೇಂದೂರ. ಮೇಲೆ ಅಗಸಿ ಎಣ್ಣೆ ಹನಿಹನಿಯಾಗಿ ಹಾಕುತ್ತ ಹಿಟ್ಟಿನ ಹಾಗೆ ನಾದಿದರು. ಕಮಟು ವಾಸನೆ ಅಂಗಳದ ತುಂಬ ಹಬ್ಬಿತು. ನಾನು ಸೆರಗು ಮೂಗಿಗೆ ಹಿಡಿದುಕೊಂಡೇ ಕೇಳಿದೆ, ಇದೇನು ಕಾಕು ಎಂದು.

"ಜೀಪಿನ ಸಂದಿ ತುಂಬೂದು. ಜಂಗ ಹಿಡೀಬಾರದಲಾ."

ತಗಡು ತಗಡಿಗೆ ಕೂಡುವ ಜಾಗದಲ್ಲೇ ತುಕ್ಕು ಹುಟ್ಟುವುದು ಎಂದು ನನಗೆ ಗೊತ್ತಾದದ್ದು ಆವತ್ತು. ಎರಡು ತಗಡು ಮಡಚಿ ಬೆಸೆದ ಸಂದಿಯಲ್ಲಿ ನೀರು ಇಳಿದರೆ ಒಣಗುವುದಿಲ್ಲವಂತೆ, ಕುಳಿತಲ್ಲೇ ಕುಳಿತು ಕಬ್ಬಿಣ ತಿನ್ನುತ್ತದಂತೆ. ಈಗ ಗ್ಯಾರೇಜುಗಳಲ್ಲಿ ಪಿಚಕಾರಿಯಿಂದ ಒತ್ತುವ ಮುಲಾಮು ಟ್ಯೂಬಿನಲ್ಲೇ ಸಿಗುತ್ತದೆ. ಕಾಕಾ ಮಾತ್ರ ತಮ್ಮ ಉಸ್ತಾದನಿಂದ ಕಲಿತ ಈ ಶೇಂದೂರದ ಕಣಕವನ್ನೇ ಪ್ರತಿ ವರ್ಷ ಮಳೆಗಿಂತ ಮೊದಲು ತುಂಬುತ್ತಿದ್ದರು. ಕಾಕು ಕಣಕ ನಾದಿ ಕೊಡುತ್ತಿದ್ದರು. ಲಾರಿಗೆ ಹೋಗುವ ದಿನವೂ ಕಾಕಾ ಹೇಳಿದ ಕೊನೆಯ ಮಾತು ಅದೇ. ನಾ ಬರೂದು ತಡಾ ಆದ್ರ ಮಳಿಗಾಲದ ಮುಂದ ಜೀಪಿನ ಸಂದಿ ತುಂಬಸ, ಮರೀಬ್ಯಾಡ. ಬೇರೆಯವರಿಂದ ತುಂಬಿಸಲು ಕಾಕುವಿಗೆ ಮನಸ್ಸಾಗಲಿಲ್ಲ. ತಾವೇ ಕೈಹಾಕಿದರು.

ಆ ದಿನದಿಂದ ನನ್ನ ಸಿಡುಕೂ ಸ್ವಲ್ಪ ಕಡಿಮೆಯಾಯಿತೇನೋ. ಸಂಜೆ ಶಾಲೆಯಿಂದ ಬಂದವಳು ಕೈಕಾಲು ತೊಳೆದು ಅವರ ಮಗ್ಗುಲಲ್ಲಿ ಡಬ್ಬಿ ಹಿಡಿದು ಕೂರುತ್ತಿದ್ದೆ. ಕಾಕು ಹೋದ ವರ್ಷದ ಹಳೆಯ ಕಣಕ ಬಿರಿದಿದ್ದರೆ ಪಟ್ಟಿಯಿಂದ ಕೆರೆದು ತೆಗೆಯುವರು. ತಂತಿಯ ಬ್ರಶ್ಶಿನಿಂದ ತಿಕ್ಕುವರು, ಚಿಮಣಿ ಎಣ್ಣೆ ಅದ್ದಿದ ಅರಿವೆಯಿಂದ ಒರೆಸುವರು. ಆಮೇಲೆ ಒಂದು ಎಳೆ ಕಣಕ ತೆಗೆದುಕೊಂಡು ಹೆಬ್ಬೆರಳಿನಿಂದ ಸಂದಿಯ ಗುಂಟ ಒತ್ತುತ್ತ ಹೋಗುವರು. ಆ ಬೆರಳು ನೋಡುವಂತಿತ್ತು. ಬೀಡಿಯ ತುದಿ ಮಡಚಿ ಮಡಚಿ ಪಳಗಿದ ಬೆರಳು ಅದು. ಬೀಡಿಯ ತುದಿ ಒಂದಿಷ್ಟು ತೆರೆದರೂ ತಂಬಾಕು ಉದುರುತ್ತದೆ, ಕಾರಖಾನೆಯವರು ಅಂಥದನ್ನು ಆರಿಸಿ ಒಗೆಯುತ್ತಾರೆ. ಕಾಕುವಿನ ಬೀಡಿ ಒಗೆದದ್ದು ಯಾರೂ ಕೇಳಿಲ್ಲ. ತೆರೆದ ತುದಿ ಕಂಡರೆ ಅವರ ಬೆರಳು ತಾನೇ ಹೋಗಿ ಮುಚ್ಚುತ್ತಿತ್ತು, ನನ್ನ ಟಿಫಿನ್ ಚೀಲದ ಬಾಯಿ ತೆರೆದಿದ್ದರೂ ಹಾಗೆಯೇ.

ಬಾಗಿಲುಗಳ ಸಂದಿ ತುಂಬುವಾಗ ಕಾಕು ಪ್ರತಿ ಬಾಗಿಲಿನ ತಳಕ್ಕೆ ಬಗ್ಗಿ, ಅಲ್ಲಿದ್ದ ಸಣ್ಣ ಸಣ್ಣ ಕಿಂಡಿಗಳನ್ನೂ ಕಣಕದಿಂದ ಮುಚ್ಚಿದರು. ಮುಚ್ಚುತ್ತ ತಮ್ಮಷ್ಟಕ್ಕೇ ನಕ್ಕರು.

"ನಮ್ಮವ್ರು ಎಲ್ಲಾ ಚಂದ ಮಾಡತಿದ್ರು, ಈ ಕೆಳಗಿನ ಕಿಂಡಿ ಅಷ್ಟ ಹಂಗ ಬಿಡತಿದ್ರು. ನಿಮ್ಮ ಕೆಲಸಾ ಯಾವಾಗೂ ಅರ್ಧಾನ ನೋಡ್ರಿ ಅಂತ ಬೈತಿದ್ದೆ. ಹೋಗೂ ದಿನಾನೂ ಬೈದೆ. ಅದಕೊಂದ ಕಾರಣ ಐತಿ, ಬಂದ ಮ್ಯಾಲ ಹೇಳತೀನಿ ಅಂದ್ರು."

"ಏನ ಕಾರಣ ಇರಬಹುದ್ರಿ?"

"ಏನ ಇರತೈತಿ. ಬಗ್ಗಾಕ ಬ್ಯಾಸರಾ. ಬಂದು ಏನ ನೆವಾ ಹೇಳತಾರ ನೋಡೂಣು."

ಹಾಗೆ ಹೇಳುವಾಗ ಅವರ ಮುಖದಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯ ಕಳೆ ಇತ್ತು. ಅವರ ಮಾತಿನಲ್ಲಿ ಕಾಕಾ ಎಂದೂ ಸತ್ತಿರಲಿಲ್ಲ, ಕಳೆದೂ ಹೋಗಿರಲಿಲ್ಲ. ನಮ್ಮ ಯಜಮಾನರು ಉಗಾರದಲ್ಲಿ ಇರುವ ಹಾಗೆ ಎಲ್ಲೋ ಇದ್ದರು, ಅಷ್ಟೇ. ವಡಾಪದ ದಿನಗಳಲ್ಲಿ ಎಷ್ಟೇ ಗದ್ದಲವಿದ್ದರೂ ಕಾಕಾ ಕಾಕುವಿಗೆ ಡ್ರೈವರಿನ ಮಗ್ಗುಲಿನ ಸೀಟು ಕಾದಿರಿಸಿರುತ್ತಿದ್ದರಂತೆ. ಊರ ಗೌಡನೇ ಬಂದು ನಿಂತರೂ ಅದನ್ನು ಬಿಡುತ್ತಿರಲಿಲ್ಲವಂತೆ. ಅದನ್ನು ಹೇಳುವಾಗ ಕಾಕು ಜೀಪಿನ ಆ ಸೀಟಿನ ಕಡೆ ನೋಡುತ್ತಿದ್ದರು. ಒಂದು ಶನಿವಾರ ನಾನು ಬ್ಯಾಗು ಹಿಡಿದು ಅವಸರದಲ್ಲಿ ಹೊರಟಾಗ, "ಹೋಗ್ರಿ ಹೋಗ್ರಿ, ವಾರಕ್ಕೊಮ್ಮಿ ಸಿಗತಾರಲಾ, ಅಷ್ಟಾದ್ರೂ ಚಂದ ಐತಿ" ಎಂದರು. ಬಸ್ಸಿನಲ್ಲಿ ಕುಳಿತ ಮೇಲೆ ಆ ಮಾತು ನನ್ನನ್ನು ಚುಚ್ಚಿತು. ಅವರು ಚುಚ್ಚಬೇಕೆಂದು ಹೇಳಿರಲಿಲ್ಲ.

ಕಾಕುವಿಗೆ ಪಾಲಬಾವಿಯಲ್ಲಿ ಒಬ್ಬ ಅಣ್ಣನಿದ್ದ. ಸ್ವಲ್ಪ ಹೊಲ, ಒಂದಿಷ್ಟು ಆಡು, ಮನೆ ತುಂಬ ಮಕ್ಕಳು. ತೆಳ್ಳಗೆ, ಎತ್ತರಕ್ಕೆ ಇದ್ದ ಆತ ನಿಪ್ಪಾಣಿಗೆ ಬಂದರೆ ಕಾಲು ತೊಳೆಯುವ ಮೊದಲೇ ಜೀಪಿನ ಸುತ್ತ ಒಂದು ಸುತ್ತು ಹಾಕುತ್ತಿದ್ದ. ಬಗ್ಗಿ ನೋಡುವನು, ಬೆರಳಿನಿಂದ ಮುಟ್ಟುವನು, ಮಡ್ಗಾರ್ಡಿನ ಕೆಳಗೆ ಕೈ ಹಾಕಿ ತಡಕುವನು. ಹಿಂದಿನಿಂದ ಕಾಕು ಚಹಾದ ಕಪ್ಪು ಹಿಡಿದು ನಗುತ್ತ ನಿಂತಿರುವರು. ಮೊದಲ ಸಲ ನೋಡಿದಾಗ ಈತ ಗಾಡಿ ಕೊಳ್ಳಲು ಬಂದ ಗಿರಾಕಿ ಎಂದುಕೊಂಡಿದ್ದೆ.

ಒಮ್ಮೆ ಅವರಿಬ್ಬರ ಮಾತು ನನ್ನ ಕಿವಿಗೇ ಬಿತ್ತು. ನಾನು ಕಟ್ಟೆಯ ಮೇಲೆ ಮಕ್ಕಳ ವಹಿ ತಿದ್ದುತ್ತಿದ್ದೆ.

"ಎಷ್ಟ ದಿನಾ ಅಂತ ಈ ಲೋಖಂಡಾ, ಈ ಹಳೇ ಕಬ್ಬಣಾ ಕಾಯಕೋತ ಕೂಡತಿ ತಂಗಿ," ಎಂದ ಅಣ್ಣ. "ಗುಜರಿ ಭಂಗಾರದಾಂವಗ ಕೊಟ್ಟ ಪಾಲಬಾವಿಗಿ ಬಾ. ನಿಮ್ಮ ವೈನಿನೂ ಕರೀತಾಳ. ಒಬ್ಬಾಕಿ ಇಲ್ಲಿ ಬಿದ್ರ ಎದ್ರ ನೋಡಾವ್ರು ಯಾರು? ಆ ಮನಷ್ಯಾ ಬರೂದಿಲ್ಲಾ..."

"ಅಣ್ಣಾ," ಎಂದರು ಕಾಕು. ಅವರ ದನಿ ಏರಲಿಲ್ಲ. "ಈ ಗಾಡಿ ಅವರ ಹೇಳಿಹ್ವಾದಂಗ ಇಟ್ಟೀನಿ. ಇದಕ ಜಂಗ ಹತ್ತಿದ ದಿನಾ ನಾನ ನಿನ್ನ ಹಿಂದ ಬರ್ತೀನಿ. ಹತ್ತೂ ತನಕಾ ಕರೀಬ್ಯಾಡ."

ಅಣ್ಣ ಒಪ್ಪಿಕೊಂಡ. ಆತನ ಸುತ್ತು ಹಾಕುವಿಕೆಯ ಗುಟ್ಟು ನನಗೆ ಆಗ ತಿಳಿಯಿತು. ಒಂದು ಚುಕ್ಕೆ ತುಕ್ಕು ಸಿಕ್ಕರೆ ತಂಗಿ ಮನೆಗೆ ಬರುತ್ತಾಳೆ. ಅವನು ಅದನ್ನು ಹುಡುಕುತ್ತಿದ್ದ. ಕಾಕು ಅದು ಸಿಗದ ಹಾಗೆ ಮಾಡುತ್ತಿದ್ದರು. ಅಣ್ಣ ತಂಗಿ ಇಬ್ಬರದೂ ಮಮತೆಯೇ. ನಾನು ಮಾತ್ರ ನಾಚಿಕೆಯಿಲ್ಲದೆ ಕಾಕುವಿನ ಪಕ್ಷ ವಹಿಸಿದ್ದೆ. ಅವರು ಪಾಲಬಾವಿಗೆ ಹೋದರೆ ಸೋಮವಾರ ನಸುಕಿನಲ್ಲಿ ಬಂದಿಳಿಯುವ ನನಗೆ ಬಿಸಿ ಭಾಕರಿ ಮುಚ್ಚಿಟ್ಟು ಕಾಯುವವರು ಯಾರು? ಅಣ್ಣ ಸುತ್ತು ಹಾಕುವಾಗ ಅವನ ಬೆರಳನ್ನು ನಾನೂ ಎದೆ ಹಿಡಿದುಕೊಂಡು ನೋಡುತ್ತಿದ್ದೆ.

ಹೀಗೆಯೇ ಮಳೆಗಾಲಗಳು ಬಂದವು, ಹೋದವು. ಪ್ರತಿ ಸಲ ಅದೇ ಸೀಮೆಸುಣ್ಣ, ಅದೇ ಶೇಂದೂರ, ಅದೇ ವಾಸನೆ. ಮೂಗಿಗೆ ಸೆರಗು ಹಿಡಿಯುವುದನ್ನು ನಾನು ಯಾವಾಗ ಬಿಟ್ಟೆನೋ ನೆನಪಿಲ್ಲ. ಕೈಗೆ ಹತ್ತಿದ ಕೇಸರಿ ಬಣ್ಣ ಉಗುರಿನ ಸಂದಿಯಲ್ಲಿ ಉಳಿದು, ತರಗತಿಯಲ್ಲಿ ಹಲಗೆಯ ಮೇಲೆ ಬರೆಯುವಾಗ ಕಾಣುತ್ತಿತ್ತು. ಅಕ್ಕೋರು ದಿನಾ ಮಾರುತಿ ಪೂಜೆ ಮಾಡುತ್ತಾರೆಂದು ಮಕ್ಕಳು ಮಾತಾಡಿಕೊಂಡವಂತೆ. ನಾನು ಅಲ್ಲಗಳೆಯಲು ಹೋಗಲಿಲ್ಲ.

ಒಂದು ವರ್ಷ ದಸರೆಯ ರಜೆಯಲ್ಲಿ ಶಾಲೆಯವರಿಗೆ ಯಾವುದೋ ಸರ್ವೆ ಕೆಲಸ ಹಚ್ಚಿದ್ದರು. ಹಾಗಾಗಿ ಖಂಡೇನವಮಿಯ ದಿನ ನಾನು ನಿಪ್ಪಾಣಿಯಲ್ಲೇ ಉಳಿದೆ. ಊರಿನ ಗಾಡಿಗಳೆಲ್ಲ ಮೈತೊಳೆದುಕೊಂಡು ಚೆಂಡುಹೂವು ಮುಡಿದು ನಿಂತ ದಿನ. ಕಾಕು ಬೆಳಿಗ್ಗೆಯೇ ಜೀಪು ತೊಳೆದರು. ನಾನು ಹೂವಿನ ಸರ ಮಾಡುತ್ತಿದ್ದೆ. ಡ್ರೈವರ್ ಕಡೆಯ ಬಾಗಿಲನ್ನು ಅರಿವೆಯಿಂದ ಒರೆಸುತ್ತಿದ್ದ ಕಾಕು ಒಮ್ಮೆಲೇ ನಿಂತರು.

ಬಾಗಿಲಿನ ತಳದಲ್ಲಿ ಬಣ್ಣ ಗುಳ್ಳೆಯೆದ್ದಿತ್ತು. ಕಡಲೆಕಾಳಿನಷ್ಟು ದೊಡ್ಡದು, ಅದರ ಮಗ್ಗುಲಿಗೆ ಇನ್ನೊಂದು. ಕಾಕು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಬೆರಳು ಒಳಗೇ ಹೋಯಿತು. ತಗಡು ಹಪ್ಪಳದಂತೆ ಮುರಿಯಿತು, ಒಳಗಿನಿಂದ ಕರಿ ಚಹಾದ ಬಣ್ಣದ ನೀರು ಬಳಬಳನೆ ಸುರಿದು ಅವರ ಪಾದ ತೋಯಿಸಿತು.

ಗಾಜು ಏರಿ ಇಳಿಯುವ ಸಂದಿಯಿಂದ ಬಾಗಿಲಿನ ಒಳಗೆ, ಗಾಡಿ ಚಪ್ಪರದ ಕೆಳಗಿದ್ದರೂ, ಇರಚಲು ಮಳೆಯ ನೀರು, ತೊಳೆದ ನೀರು ಇಳಿದೇ ಇಳಿಯುತ್ತದೆ, ಅದನ್ನು ಯಾರೂ ತಡೆಯಲಾಗುವುದಿಲ್ಲ. ಇಳಿದ ನೀರು ಹೊರಗೆ ಹೋಗಲಿ ಎಂದೇ ಗಾಡಿ ಮಾಡುವವರು ತಳದಲ್ಲಿ ಕಿಂಡಿ ಇಟ್ಟಿರುತ್ತಾರೆ. ಕಾಕಾ ಬಿಡುತ್ತಿದ್ದದ್ದು ಅದನ್ನೇ. ಕಾಕು ವರ್ಷವರ್ಷವೂ ಬಗ್ಗಿ ಬಗ್ಗಿ ಮುಚ್ಚಿದ್ದೂ ಅದನ್ನೇ. ಹೊರಗಿನಿಂದ ಜೀಪು ಹೊಳೆಯುತ್ತಿತ್ತು, ಅಣ್ಣನ ಬೆರಳಿಗೂ ಸಿಗದಂತೆ ಒಳಗಿನಿಂದ ತಿಂದುಹೋಗಿತ್ತು.

ಕಾಕು ಒದ್ದೆ ನೆಲದ ಮೇಲೆಯೇ ಕುಳಿತರು. ಕೈಯಲ್ಲಿ ತಗಡಿನ ಚೂರು ಇತ್ತು. ನನಗೆ ತೋಚಿದ್ದು ಒಂದೇ. ಮರುದಿನ ಬನ್ನಿ ಕೊಡಲು ಪಾಲಬಾವಿಯ ಅಣ್ಣ ಬರುವವನಿದ್ದ.

"ಕಾಕು, ಕಣಕ ಇನ್ನಾ ಡಬ್ಬ್ಯಾಗ ಐತಿ," ಎಂದೆ. "ಇವತ್ತ ಹಚ್ಚಿ ಬಣ್ಣಾ ಹೊಡದ್ರ ನಿಮ್ಮ ಅಣ್ಣಗ ಎಲ್ಲಿ ತಿಳೀತೈತ್ರಿ?"

ಕಾಕುವನ್ನು ಉಳಿಸಿಕೊಳ್ಳುವ ಆಸೆ ಅದು, ಮುಚ್ಚಿಡಲು ಏನಿದೆ. ಅವರು ನನ್ನ ಮುಖ ನೋಡಿದರು, ಆಮೇಲೆ ಆ ಒಡೆದ ಬಾಗಿಲು ನೋಡಿದರು. ಅತ್ತಾರೆಂದುಕೊಂಡಿದ್ದೆ, ಅಳಲಿಲ್ಲ.

"ಬಂದ ಮ್ಯಾಲ ಹೇಳತೀನಿ ಅಂದಿದ್ರು. ಬರದನ ಹೇಳಿಬಿಟ್ರು ನೋಡ್ರಿ ಅಕ್ಕೋರ," ಎಂದರು. ಕೈಯಲ್ಲಿದ್ದ ತಗಡಿನ ಚೂರನ್ನು ನೆಲಕ್ಕಿಟ್ಟು, "ಇನ್ನ ಅವರಿಗಿ ಬರೂ ಕಾರಣಾ ಉಳೀಲಿಲ್ಲ" ಎಂದರು.

ಆಮೇಲೆ ಎದ್ದು ಒಳಗಿನಿಂದ ಒಂದು ಮೊಳೆ ತಂದು, ಉಳಿದ ಬಾಗಿಲುಗಳ ತಳದ ಕಿಂಡಿಗಳಲ್ಲಿದ್ದ ಕಣಕವನ್ನು ಒಂದೊಂದಾಗಿ ಬಿಡಿಸಿದರು. ಪ್ರತಿಯೊಂದರಿಂದಲೂ ಅದೇ ಬಣ್ಣದ ನೀರು ಇಳಿಯಿತು. ನಾನು ಕಟ್ಟಿದ್ದ ಹೂವಿನ ಸರವನ್ನು ಕೇಳಿ ಇಸಿದುಕೊಂಡು ಜೀಪಿಗೆ ಹಾಕಿದರು, ಊದಿನಕಡ್ಡಿ ಬೆಳಗಿದರು, ಕಾಯಿ ಒಡೆದರು. ಪೂಜೆ ಬಿಡಲಿಲ್ಲ.

ಮರುದಿನ ಅಣ್ಣ ಬಂದ. ತಂಗಿಯ ಕೈಗೆ ಬನ್ನಿ ಎಲೆ ಇಟ್ಟು, ಬಂಗಾರದಂಗ ಇರು ಎಂದ. ರೂಢಿಯಂತೆ ಜೀಪಿನ ಕಡೆ ತಿರುಗಿದ. ಕಾಕು ಅವನ ಕೈ ಹಿಡಿದುಕೊಂಡು, ಚಿಕ್ಕ ಮಗುವಿಗೆ ಅಕ್ಷರ ತಿದ್ದಿಸುವವರಂತೆ, ಅವನ ಬೆರಳನ್ನು ಆ ತೂತಿನ ಅಂಚಿಗೆ ಮುಟ್ಟಿಸಿದರು.

ಇಷ್ಟು ವರ್ಷ ಅದನ್ನೇ ಹುಡುಕಿದ ಮನುಷ್ಯ. ಖುಷಿಪಡುತ್ತಾನೆಂದು ಅವನ ಮೇಲೆ ನನಗೆ ಸಿಟ್ಟು ಬಂದಿತ್ತು, ಮೊದಲೇ. ಆದರೆ ಅಣ್ಣ ಕೈ ಎಳೆದುಕೊಂಡ. ಬೆರಳಿಗೆ ಹತ್ತಿದ ಕೆಂಪು ಪುಡಿಯನ್ನು ಧೋತರಕ್ಕೆ ಒರೆಸಿಕೊಂಡ.

"ಇದೇನ ಜಂಗ ಅಲ್ಲ ತಂಗಿ," ಎಂದ. "ಬಣ್ಣಾ ಬಿಟ್ಟೈತಿ ಅಷ್ಟ. ಎಲ್ಲಾ ಗಾಡಿಗೂ ಬಿಡತೈತಿ. ಪುಟ್ಟಿ ಹಚ್ಚಿದ್ರ ಆತು."

"ಜಂಗ ಐತಿ ಅಣ್ಣಾ."

"ಅಲ್ಲ ಅಂತೀನಿ ನಾ."

"ನೀ ಅಲ್ಲ ಅಂದ್ರ ಅದು ಬಿಡೂದಿಲ್ಲ," ಎಂದರು ಕಾಕು. "ನಡಿ, ಬರ್ತೀನಿ."

ಅಣ್ಣ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮುಖಕ್ಕೆ ಹಿಡಿದುಕೊಂಡ. ಅವನ ಹೆಗಲು ಅಲುಗುತ್ತಿದ್ದದ್ದು ನನಗೆ ಕಂಡಿತು. ಅವತ್ತು ಆ ಅಂಗಳದಲ್ಲಿ ಅತ್ತವರು ಅಣ್ಣ ಮತ್ತು ನಾನು. ಕಾಕು ನಮ್ಮಿಬ್ಬರಿಗೂ ಚಹಾ ಮಾಡಿ ತಂದರು.

ದೀಪಾವಳಿಗಿಂತ ಮೊದಲೇ ಕಾಕು ಇದ್ದ ಭಾಗ ಖಾಲಿಯಾಯಿತು. ಜೀಪನ್ನು ಭಂಗಾರಕ್ಕೆ, ಅಂದರೆ ಗುಜರಿಗೆ, ಕೊಡಲು ಈಗ ಅಣ್ಣನೇ ಒಪ್ಪಲಿಲ್ಲ. ಪಾಲಬಾವಿಯಿಂದ ಒಂದು ಟ್ರ್ಯಾಕ್ಟರ್ ತರಿಸಿ, ಗಾಲಿಗೆ ಗಾಳಿ ತುಂಬಿಸಿ, ಹಗ್ಗ ಕಟ್ಟಿ ಎಳೆಸಿದ. ಜೀಪಿನ ಸ್ಟೇರಿಂಗ್ ಹಿಡಿದು ಅಣ್ಣ ಕುಳಿತಿದ್ದ, ಮಗ್ಗುಲಿನ ಸೀಟಿನಲ್ಲಿ ಕಾಕು. ಓಣಿಯವರೆಲ್ಲ ನೋಡಲು ನಿಂತಿದ್ದರು. ತಿರುವಿನಲ್ಲಿ ಕಾಕು ಹೊರಗೆ ಮುಖ ಹಾಕಿ, "ಅಕ್ಕೋರ, ಚಪ್ಪರ ಖಾಲಿ ಆತ್ರಿ, ನಿಮ್ಮ ಗಾಡಿ ಹಚ್ಚಕೋರಿ" ಎಂದು ಕೂಗಿ ಹೇಳಿದರು. ನಾನು ಆ ಚಪ್ಪರದಲ್ಲಿ ಒಂದು ದಿನವೂ ಸ್ಕೂಟರ್ ನಿಲ್ಲಿಸಲಿಲ್ಲ. ಇಟ್ಟಂಗಿಗಳು ಹಾಗೆಯೇ ಉಳಿದಿದ್ದವು, ನಡುವೆ ಬರಿಯ ನೆಲ...

ಮುಂದೆ ನನಗೆ ರಾಯಬಾಗಕ್ಕೆ ವರ್ಗವಾಯಿತು. ನಮ್ಮವರೂ ಇಲ್ಲಿಂದಲೇ ಉಗಾರಕ್ಕೆ ಓಡಾಡತೊಡಗಿದರು. ಪಾಲಬಾವಿ ಇದೇ ತಾಲೂಕು, ದೂರವಲ್ಲ. ಆದರೂ ಹೋಗಿದ್ದು ಒಂದೇ ಸಲ. ಮನೆ, ಶಾಲೆ ಎಂದು ನೆವ ಹೇಳಬಹುದು, ಹೇಳುವುದಿಲ್ಲ. ಜೀಪು ಬೇವಿನ ಗಿಡದ ಕೆಳಗೆ ನಿಂತಿತ್ತು. ಒಳಗೆ ಆಡಿನ ಮರಿಗಳು. ಒಂದು ಮರಿ ಡ್ರೈವರಿನ ಸೀಟಿನ ಮೇಲೆ ನಿಂತು ಗಾಜಿನಿಂದ ನಮ್ಮನ್ನೇ ನೋಡುತ್ತಿತ್ತು. ಮಗ್ಗುಲಿನ ಸೀಟಿನ ಮೇಲೆ ಮಾತ್ರ ಒಂದು ಚೀಲ ಅಡ್ಡ ಇಟ್ಟು, ಮರಿಗಳು ಏರದಂತೆ ಮಾಡಿದ್ದರು.

"ಈಗ ಸಂದಿ ತುಂಬೂದಿಲ್ಲೇನ್ರಿ ಕಾಕು?" ಎಂದೆ.

"ಆಡಿನ ಮರಿ ತುಂಬ್ಯಾವಲ್ರಿ," ಎಂದು ನಕ್ಕರು. ಬೆರಳ ಉಗುರಿನಲ್ಲಿ ಕೇಸರಿ ಇರಲಿಲ್ಲ. ಕೊರಳಲ್ಲಿ ಕರಿಮಣಿ ಹಾಗೆಯೇ ಇತ್ತು, ಅದನ್ನು ತೆಗೆ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಹೊರಡುವಾಗ ನನ್ನ ಕೈಚೀಲದ ಬಾಯಿ ತೆರೆದಿತ್ತು. ಕಾಕುವಿನ ಕೈ ಅದರತ್ತ ಬಂತು, ನಡುವೆಯೇ ನಿಂತಿತು, ಆಮೇಲೆ ಮುಚ್ಚಿತು.

ಮತ್ತೊಮ್ಮೆ ಹೋಗಬೇಕೆಂದು ಅಂದುಕೊಳ್ಳುತ್ತಲೇ ಇದ್ದೆ. ಒಂದು ಬೆಳಿಗ್ಗೆ ಅಣ್ಣನ ಮಗ ಫೋನು ಮಾಡಿ, ಅತ್ತಿ ಹೋದಳ್ರಿ ಅಕ್ಕೋರ, ಎಂದ. ನಾನು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಜೀಪಿನ ಸೀಟಿನ ಮೇಲೆ ಚೀಲ ಇರಲಿಲ್ಲ. ಅಲ್ಲಿ ಎರಡು ಮರಿಗಳು ಮಲಗಿದ್ದವು.

ಮೊನ್ನೆ ಪೇಂಟರ್ ಗೇಟು ತಿಕ್ಕಿ, ಕಣಕ ಕಲಸಿಕೊಂಡು, ಪೈಪು ಪೈಪು ಕೂಡಿದ ಸಂದಿಗಳನ್ನೆಲ್ಲ ತುಂಬುತ್ತ ಬಂದ. ಅವನದು ಬಿಳಿ ಕಣಕ, ಶೇಂದೂರ ಇಲ್ಲ. ನಾನು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ಮನೆಯಲ್ಲಿ ಎಲ್ಲರಿಗೂ ಆ ವಾಸನೆ ಬೇಡವಾಗಿತ್ತು, ಬಾಗಿಲು ಹಾಕಿಕೊಂಡು ಒಳಗೆ ಹೋಗಿದ್ದರು. ಕೊನೆಗೆ ಅವನು ಗೇಟಿನ ತಳಕ್ಕೆ ಬಗ್ಗಿ, ಪೈಪಿನ ಕೆಳಗಿದ್ದ ಸಣ್ಣ ಕಿಂಡಿಗೂ ಕಣಕ ಒತ್ತಲು ಬೆರಳು ಚಾಚಿದ.

"ಅದನ್ನ ಮುಚ್ಚಬ್ಯಾಡಪಾ," ಎಂದೆ.

"ಯಾಕ್ರಿ ಅಕ್ಕೋರ?"

ನನಗೆ ಕಾರಣ ಗೊತ್ತಿತ್ತು. ಚಹಾ ಮತ್ತೆ ಇಟ್ಟು ಬರುತ್ತೇನೆ, ಬಂದ ಮೇಲೆ ಹೇಳುತ್ತೇನೆ ಎನ್ನಬೇಕೆಂದವಳು ಆ ಮಾತನ್ನು ಅಲ್ಲಿಗೇ ನುಂಗಿದೆ. ಅವನ ಮಗ್ಗುಲಲ್ಲೇ ನೆಲದ ಮೇಲೆ ಕುಳಿತು, ಆಗಲೇ ಹೇಳಿದೆ.